ಬೇಡ ಎನ್ನಲು ಕಲಿಸಿದ ರಂಗಮ್ಮಾಳ್

ತಮಿಳು ಸೀಮೆಯ ಕಣಿವೆಯೂರು ಚಿನ್ನಮನೂರಿನ ಬಸ್ ನಿಲ್ದಾಣದ ಎದುರಿಗಿದ್ದ ರಂಗಮ್ಮಾಳ್ ಮೆಸ್ಸಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೊಡೈಕಾನಲ್‌ನಿಂದ ತರಕಾರಿ ಇಳಿಸುವ ಲಾರಿಯವರಿಗೆ, ದಿಂಡಿಗಲ್ಲಿನ ಬೀಗದ ವ್ಯಾಪಾರಿಗಳಿಗೆ, ದ್ರಾಕ್ಷಿ ತೋಟದ ಕೂಲಿಯವರಿಗೆ ಆ ಬಾಗಿಲು ಕಣ್ಣು ಕಟ್ಟಿ ಬಿಟ್ಟರೂ ಸಿಗುತ್ತಿತ್ತು. ಮನೆಯ ಜಗುಲಿಯಲ್ಲಿ ಇಡ್ಲಿ ಮಾರಲು ಕೂತ ವಿಧವೆ ಯಾರ ಕೈಕಾಲೂ ಹಿಡಿಯದೆ ಎಲೆ ಊಟ ಹಾಕುವ ಮಟ್ಟಕ್ಕೆ ಬೆಳೆದಿದ್ದಳು. ಅದನ್ನು ಆಕೆ ಮರೆಯುತ್ತಿರಲಿಲ್ಲ, ಬೇರೆಯವರಿಗೂ ಮರೆಯಲು ಬಿಡುತ್ತಿರಲಿಲ್ಲ.

ತೊಂಬತ್ತೇಳರಲ್ಲಿ ಸೊಸೆ ಜೆಯಂತಿಗೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ರಂಗಮ್ಮಾಳ್ ಮೆಣಸು ಬೆಳ್ಳುಳ್ಳಿ ಹಾಕಿದ ಬಿಸಿ ಗಂಜಿ ಹೊತ್ತುಕೊಂಡು ಹೋದಳು. ಪಕ್ಕದ ಮಂಚದಲ್ಲಿ ಬೆಟ್ಟದ ಎಸ್ಟೇಟಿನಿಂದ ಇಳಿದು ಬಂದು ಹೆತ್ತ ಹುಡುಗಿಯೊಬ್ಬಳಿದ್ದಳು. ಮನೆಯಿಂದ ಬಿಸಿಯಾಗಿ ಏನಾದರೂ ತಂದುಕೊಡಲು ಅವಳಿಗೆ ಯಾರೂ ಇರಲಿಲ್ಲ. ಪಾತ್ರೆಯ ಮುಚ್ಚಳ ತೆಗೆದದ್ದೇ ತಡ, ಆ ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಮಾರನೆಯ ಬೆಳಿಗ್ಗೆ ಮೆಸ್ಸಿನ ದೊಡ್ಡ ಪಾತ್ರೆಯೇ ಆಸ್ಪತ್ರೆಗೆ ಹೋಯಿತು. ಜೆಯಂತಿ ಮಗುವಿನ ಸಮೇತ ಮನೆಗೆ ಬಂದ ಮೇಲೂ ಗಂಜಿ ನಿಲ್ಲಲಿಲ್ಲ.

ಖರ್ಚು ಏರಿತು. ಗಲ್ಲಾ ನೋಡಿಕೊಳ್ಳುತ್ತಿದ್ದ ಮಗ ಲೋಗೇಶ್, ಊಟದ ರೇಟಿನಲ್ಲೇ ಒಂದು ರೂಪಾಯಿ ಸೇರಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ. ರಂಗಮ್ಮಾಳ್ ಕೆಂಡವಾದಳು. ಸೇರಿಸುವುದಾದರೆ ಪ್ರತಿಯೊಬ್ಬರನ್ನೂ ಕೇಳಿಯೇ ಸೇರಿಸಬೇಕು, ಒಪ್ಪಿಗೆ ತಿಂದವರ ಬಾಯಿಂದಲೇ ಬರಬೇಕು ಎಂದು ಖಡಾಖಂಡಿತವಾಗಿ ಹೇಳಿದಳು. ಕೇಳುವ ಕೆಲಸವನ್ನು ತಾನೇ ಹೊತ್ತುಕೊಂಡಳು. ಬಿಲ್ಲು ಕೊಡಲು ಯಾರಾದರೂ ಬಂದರೆ ಎದ್ದು ನಿಲ್ಲುವಳು, ವೀಳ್ಯದೆಲೆಯ ಹಿತ್ತಾಳೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿಯುವಳು, ಬಾಣಂತಿಯರ ಗಂಜಿಗೆ ಒಂದು ರೂಪಾಯಿ ಸೇರಿಸಲೇ ಎಂದು ತಮಿಳರನ್ನು ತಮಿಳಿನಲ್ಲಿ, ತನ್ನವರನ್ನು ಕನ್ನಡದಲ್ಲಿ ಕೇಳುವಳು. ಒಬ್ಬರಾದರೂ ಬೇಡವೆನ್ನಲಿಲ್ಲ. ಕಣಿವೆಯಲ್ಲಿ ಎಲ್ಲಿ ಮದುವೆಯಾದರೂ ಆಕೆ ಈ ಮಾತನ್ನು ಎತ್ತದೆ ಊಟಕ್ಕೆ ಕೂರುತ್ತಿರಲಿಲ್ಲ.

ಬೇಡವೆನ್ನುವುದಾದರೂ ಹೇಗೆ? ಆಕೆಯ ಕುಲದವರು ಕನ್ನಡ ನಾಡು ಬಿಟ್ಟು ಬಂದು ಶತಮಾನಗಳಾಗಿದ್ದವು. ಮಾತಿನಲ್ಲಿ ಅರ್ಧ ತಮಿಳು ಬೆರೆತರೂ ಮನೆಯ ರೀತಿನೀತಿ ಮಾತ್ರ ಸಡಿಲವಾಗಿರಲಿಲ್ಲ. ಡಬ್ಬದಲ್ಲಿ ಅಕ್ಕಿ ಮುಗಿದರೆ ‘ಇಲ್ಲ’ ಎನ್ನುವಂತಿಲ್ಲ, ‘ತುಂಬಿದೆ’ ಎನ್ನಬೇಕು. ದೀಪ ಹಚ್ಚಿದ ಮೇಲಂತೂ ‘ಇಲ್ಲ’ ಎಂಬ ಪದ ತುಟಿಗೇ ಬರಕೂಡದು. ಹಾಗಿರುವಾಗ ಹಿರಿಯ ಹೆಂಗಸೊಬ್ಬಳು ತಟ್ಟೆ ಹಿಡಿದು ನಿಂತು ಕೇಳಿದರೆ ತಲೆ ಅಡ್ಡ ಆಡಿಸುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ತಾನೂ ಅದೇ ರೀತಿಯಲ್ಲಿ ಬೆಳೆದವಳಾದರೂ ರಂಗಮ್ಮಾಳ್‌ಗೆ ಇದು ಹೊಳೆಯಲಿಲ್ಲ.

ಹೊಳೆಯುವಂತೆ ಮಾಡಿದವಳು ಸೊಸೆ. ಜೆಯಂತಿಯ ತವರು ಹತ್ತಿರದ ಮಾರ್ಕಯನ್‌ಕೋಟ್ಟೈ. ಅಲ್ಲಿಗೆ ಹೋಗಿ ಬಂದವಳು ಅತ್ತೆಯನ್ನು ಅಡಿಗೆಮನೆಗೆ ಕರೆದು ಒಂದು ಸಂಗತಿ ಹೇಳಿದಳು. ಅದೇ ಊರಿನ ಅಯ್ಯಾವು ಎಂಬವನು ದ್ರಾಕ್ಷಿ ಚಪ್ಪರಕ್ಕೆ ಬಳ್ಳಿ ಕಟ್ಟುವ ಕೆಲಸದವನು, ದೂರದ ನೆಂಟ, ಸಂಜೆ ಮೆಸ್ಸಿನಲ್ಲಿ ಉಂಡು ಬಸ್ ಹತ್ತುವವನು. ಈಗ ಕೆಲವು ಸಂಜೆ ಅವನು ನಡೆದೇ ಊರು ಸೇರುತ್ತಾನಂತೆ. ಜೆಯಂತಿಯ ತಾಯಿ ದಾರಿಯಲ್ಲಿ ತಡೆದು ವಿಚಾರಿಸಿದಾಗ, ಬಸ್ಸಿಗೆಂದು ಇಟ್ಟುಕೊಂಡದ್ದು ಗಂಜಿಗೆ ಹೋಯಿತು ಎಂದು ನಕ್ಕನಂತೆ.

“ಅತ್ತೆ, ‘ರಂಗಮ್ಮ ನಿಂತ್ಕಂಡು ಕೇಳ್ತದೆ, ಬ್ಯಾಡ ಅನ್ನಕ್ಕೆ ನಾಲಿಗೆ ಬರಲ್ಲ’ ಅಂದ್ರಂತೆ,” ಎಂದಳು ಜೆಯಂತಿ.

ರಂಗಮ್ಮಾಳ್‌ಗೆ ಮೊದಲು ಬಂದದ್ದು ಸಿಟ್ಟು. ನನಗೆ ಒಂದು ಮಾತು ಹೇಳಿದ್ದರೆ ಅವನ ಗಂಟು ಹೋಗುತ್ತಿತ್ತೇ ಎಂದು ಪಾತ್ರೆಗಳ ಮೇಲೆ ರೇಗಿದಳು. ಆಮೇಲೆ ಊಟ ಸೇರಲಿಲ್ಲ. ಮದುವೆಮನೆಗಳಲ್ಲಿ ತಾನು ಎದೆಯುಬ್ಬಿಸಿ ಹೇಳಿಕೊಂಡದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಇನ್ನೂ ಎಷ್ಟು ಜನ ಹೀಗೆ ನಡೆದು ಹೋಗಿದ್ದಾರೋ ಯಾರಿಗೆ ಗೊತ್ತು?

ಮಾರನೆಯ ದಿನದಿಂದ ತಟ್ಟೆ ಗಲ್ಲಾದ ಮೇಲೆ ಕೂತಿತು, ಕೇಳುವ ಕೆಲಸ ಜೆಯಂತಿಗೆ ಬಂತು. ಜನ ಜೆಯಂತಿಯ ಹೆಗಲಾಚೆ ರಂಗಮ್ಮಾಳ್‌ನ ಮುಖ ನೋಡಿ ‘ಸೇರಿಸಮ್ಮಾ’ ಎಂದರು. ಆಕೆ ಅಡಿಗೆಮನೆಯಲ್ಲಿ ಅಡಗಿದಳು. ಜನ ಅಲ್ಲಿಗೂ ಇಣುಕಿ ನೋಡಿ ‘ಸೇರಿಸಮ್ಮಾ’ ಎಂದರು. ಬೇಡವೆನ್ನಬಹುದು ಎಂದು ಬಾಯಿಬಿಟ್ಟು ಹೇಳಿಸಿದಳು. ಅದನ್ನು ಕೇಳಿದವರು, ಎಂಥ ದೊಡ್ಡ ಮನಸ್ಸು ಎಂದು ಇನ್ನೂ ಬೇಗ ಒಪ್ಪಿಕೊಂಡರು. ಬೇಡ ಎಂದವನನ್ನು ಈ ಜನ ಕಣ್ಣಾರೆ ಕಂಡಿಲ್ಲ, ಅದನ್ನು ಕಾಣಿಸದೆ ದಾರಿಯಿಲ್ಲ ಎಂದು ಆಕೆಗೆ ಆಗ ಅನ್ನಿಸಿತು.

ಒಂದು ಮಧ್ಯಾಹ್ನ, ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ರಂಗಮ್ಮಾಳ್ ಗಿರಾಕಿಗಳ ನಡುವೆ ಬೆಂಚಿನ ಮೇಲೆ ಎಲೆ ಹಾಕಿಸಿಕೊಂಡು ಕೂತಳು. ಅನ್ನ, ಸಾಂಬಾರು, ರಸ, ಮಜ್ಜಿಗೆ ಎಲ್ಲವನ್ನೂ ಕ್ರಮವಾಗಿ ಉಂಡಳು. ಎಲೆ ಮಡಚಿ ಕೈತೊಳೆದು ಬಂದು ಗಲ್ಲಾದ ಮುಂದೆ ಬಿಲ್ಲಿಗೆ ನಿಂತಳು. ಅತ್ತೆ ಮೊದಲೇ ಹೇಳಿಕೊಟ್ಟಿದ್ದರೂ ಜೆಯಂತಿಗೆ ನಗು ತಡೆಯುವುದು ಕಷ್ಟವಾಯಿತು. ಗಂಜಿಗೆ ಒಂದು ರೂಪಾಯಿ ಸೇರಿಸಲೇ ಎಂದು ಕೇಳಿದಳು.

“ಈ ತಡವೆ ಬ್ಯಾಡ,” ಎಂದಳು ರಂಗಮ್ಮಾಳ್, ‘ಈ ಸಲ’ ಎಂಬುದನ್ನು ಒತ್ತಿ, ಮೂಲೆಯ ಬೆಂಚಿಗೂ ಕೇಳುವ ಹಾಗೆ.

ಸಾಂಬಾರು ಬಡಿಸುತ್ತಿದ್ದವನ ಕೈ ನಿಂತಿತು. ಜೆಯಂತಿ ಸರಿ ಎಂದಳು, ಉಳಿದವರಿಗೆ ಕೊಡುವ ಹಾಗೆಯೇ ವೀಳ್ಯದೆಲೆ ಕೊಟ್ಟಳು, ಮುಂದಿನವರನ್ನು ಕರೆದಳು. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ.

ಈ ನಾಟಕ ದಿನಾ ನಡೆಯಿತು. ಯಜಮಾನಿಯೇ ಕೊಡದ ಗಂಜಿಗೆ ನಾವು ಕೊಡಬೇಕೇ ಎಂದು ಲಾರಿಯವರು ಚೇಷ್ಟೆ ಮಾಡಿದರು. ಕೊಂಬೈ ಊರಿನವರೆಗೂ ರಂಗಮ್ಮಾಳ್ ಕಂಜೂಸಿ ಎಂಬ ಹೆಸರು ಹರಡಿತು. ಹೆಸರಿಗಾಗಿ ಪ್ರಾಣ ಬಿಡುವ ಹೆಂಗಸು ಅದನ್ನೂ ನುಂಗಿಕೊಂಡಳು. ಕೈತುಂಬ ಇದ್ದವರೇ ಬೇಡ ಎನ್ನುವುದನ್ನು ಮೊದಲು ಕಲಿತರು. ಗಂಜಿಯ ಕಾಸು ಹಾಕಿಡುತ್ತಿದ್ದ ಡಬ್ಬ ಬರಿದಾಗುತ್ತಾ ಬಂತು. ಹೀಗೇ ಆದರೆ ಆಸ್ಪತ್ರೆಗೆ ಒಯ್ಯಲು ಏನೂ ಉಳಿಯುವುದಿಲ್ಲ ಎಂದು ಲೋಗೇಶ್ ಗೊಣಗಿದ. ಪಾತ್ರೆ ಚಿಕ್ಕದಾಗಕೂಡದು, ಕಮ್ಮಿ ಬಿದ್ದದ್ದನ್ನು ಮೆಸ್ಸಿನ ಲಾಭದಲ್ಲಿ ಹಾಕು ಎಂದಳು ತಾಯಿ. ಹಾಗೆಂದಳೇ ಹೊರತು ಅವಳಿಗೂ ಒಳಗೇ ಅಳುಕಿತ್ತು, ಏಕೆಂದರೆ ಯಾರಿಗಾಗಿ ಇದೆಲ್ಲ ಮಾಡಿದಳೋ ಆ ಅಯ್ಯಾವು ಮೆಸ್ಸಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದ.

ಕೊನೆಗೂ ಒಂದು ಸಂಜೆ ಬಂದ. ದೀಪ ಆಗತಾನೇ ಹಚ್ಚಿದ್ದರು. ತಲೆ ಎತ್ತದೆ ಉಂಡು ಗಲ್ಲಾದ ಮುಂದೆ ನಿಂತ. ಜೆಯಂತಿ ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದಳು. ಅವನು ರಂಗಮ್ಮಾಳ್ ಕಡೆ ನೋಡಿದ. ಈ ಸಲ ಆಕೆ ಅಡಗಲಿಲ್ಲ, ಕಣ್ಣನ್ನೂ ತಪ್ಪಿಸಲಿಲ್ಲ.

“ಈ ತಡವೆ ಬ್ಯಾಡ ತಾಯೀ.”

“ಆಗ್ಲಿ ಅಣ್ಣ,” ಎಂದಳು ರಂಗಮ್ಮಾಳ್. ವೀಳ್ಯದೆಲೆಯನ್ನು ತಾನೇ ಎದ್ದು ಕೊಟ್ಟಳು. ಅಯ್ಯಾವು ಅದನ್ನು ಬಾಯಿಗೆ ಹಾಕಿಕೊಂಡು ರಸ್ತೆ ದಾಟಿ ಬಸ್ ಹತ್ತಿದ.

ರಂಗಮ್ಮಾಳ್‌ನ ಮುಖ ಅರಳಿದ್ದನ್ನು ನೋಡಿ ಲೋಗೇಶ್‌ಗೆ ರೇಗಿತು. ಒಂದು ರೂಪಾಯಿಯೂ ಕೊಡದೆ ಹೋದವನನ್ನು ಕಂಡು ಇಷ್ಟು ಹಿಗ್ಗುವುದೇಕೆ ಎಂದು ಕೇಳಿದ.

“ಇಷ್ಟ್ ದಿನ ನಮ್ಮ ಮೆಸ್ಸಲ್ಲಿ ಯಾರೂ ಕೊಟ್ಟಿರ್ನಿಲ್ಲ ಲೋಗೇಶಾ, ನಾನೇ ತಗಂತಿದ್ದೆ,” ಎಂದಳು ರಂಗಮ್ಮಾಳ್. “ಇನ್ನು ಕೊಡ್ತಾರೆ.”