ಕಟ್ಟಿಗೆಗೆ ಕಟ್ಟಿದ ತಟ್ಟಿ

ನಮ್ಮ ಮನೆಯ ಮುಖ ಪಡುವಣಕ್ಕೆ. ಹೆಮ್ಮಾಡಿಯಲ್ಲಿ ಹೆದ್ದಾರಿಯ ಮೂಡು ಬದಿಗೆ ಮನೆ ಇರುವವರ ಹಣೆಬರಹವೇ ಅದು. ರಸ್ತೆ ಇರುವುದೂ ಪಡುವಣಕ್ಕೆ, ಮಳೆ ಬರುವುದೂ ಪಡುವಣದಿಂದ. ಕಡಲ ಗಾಳಿ ಮಳೆಯನ್ನು ಹೊತ್ತು ತಂದು ನೇರವಾಗಿ ಎದುರಿನ ಗೋಡೆಗೆ ಎರಚುತ್ತದೆ. ಇಲ್ಲಿ ಹುಟ್ಟಿದ ನಾಯಿಮರಿಗೂ ಇದು ಗೊತ್ತು. ಇಲ್ಲೇ ನೆನೆದು ಬೆಳೆದು ತಲೆ ಹಣ್ಣಾದ ನನಗೆ ಮಾತ್ರ ಮನೆ ಕಟ್ಟಿಸುವಾಗ ಮರೆತುಹೋಯಿತು. ಮರೆತದ್ದೂ ಅಲ್ಲ. ಹೆಂಡತಿ ಹೇಳಿದಳು, ಮೇಸ್ತ್ರಿ ಹೇಳಿದ, ನಾನು ಕೇಳಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಳೆಯ ಹಂಚಿನ ಮನೆಯಲ್ಲಿ ಮೇ ತಿಂಗಳು ಬಂತೆಂದರೆ ಎರಡು ಕೆಲಸ. ಮಾಡು ಹತ್ತಿ ಒಡೆದ ಹಂಚು ಬದಲಿಸುವುದು, ಪಡುಗೋಡೆಗೆ ತಟ್ಟಿ ಕಟ್ಟುವುದು. ಬಿದ್ದ ತೆಂಗಿನ ಮಡಲನ್ನು ಸೀಳಿ, ನೀರಿನಲ್ಲಿ ನೆನೆಸಿ, ಅಂಗಳದಲ್ಲಿ ಕೂತು ಹೆಣೆಯುತ್ತಿದ್ದೆವು. ಆ ತಟ್ಟಿಯನ್ನು ಬಿದಿರಿನ ಗಳಕ್ಕೆ ಬಿಗಿದು ಗೋಡೆಯ ಮುಂದೆ ನಿಲ್ಲಿಸಿದರೆ ನಾಲ್ಕು ತಿಂಗಳು ಮನೆಗೆ ಮುಖವೇ ಇಲ್ಲ. ಎದುರು ಬಾಗಿಲು ಹಾಕಿ, ಅಡುಗೆಮನೆಯ ಬಾಗಿಲಲ್ಲೇ ಓಡಾಟ. ನೆಂಟರು ಕೂಡ ಕೊಡೆ ಮಡಚಿ ಅಲ್ಲಿಂದಲೇ ಒಳಗೆ ಬರುತ್ತಿದ್ದರು. ಒಳಗೆ ಹಗಲಲ್ಲೂ ಕತ್ತಲೆ. ಆದರೆ ಕೆಂಪುಕಲ್ಲಿನ ಗೋಡೆ ಒಂದು ಹನಿ ನೀರು ಕುಡಿಯುತ್ತಿರಲಿಲ್ಲ. ನನ್ನ ಹೆಂಡತಿಗೆ ಉಬ್ಬಸ. ಮದುವೆಯಾಗಿ ಬಂದಾಗಿನಿಂದ ಮಳೆಗಾಲವನ್ನೆಲ್ಲ ಅವಳು ಆ ಕತ್ತಲೆಯ ಒಣ ಕೋಣೆಯಲ್ಲಿ ದಾಟಿಸಿಕೊಂಡು ಬಂದಿದ್ದಳು.

ಆಮೇಲೆ ನನಗೆ ಮನೆಯ ಹುಚ್ಚು ಹಿಡಿಯಿತು. ಕುಂಭಾಶಿಯಿಂದ ಯಡ್ತರೆಯವರೆಗೆ ಹೆದ್ದಾರಿ ಹಿಡಿದು ಹೋಗಿ ನೋಡಿ, ಹೊಸ ಮನೆಗಳೆಲ್ಲ ಒಂದೇ ತಾಯಿಯ ಮಕ್ಕಳು. ಚಪ್ಪಟೆ ಡಬ್ಬ, ಬೂದಿ ಬಣ್ಣ, ದೊಡ್ಡ ಗಾಜಿನ ಕಿಟಕಿ. ಮಾಡು ಹೊರಗೆ ಚಾಚುವಂತಿಲ್ಲ, ಕಿಟಕಿಯ ಮೇಲೆ ಸನ್‌ಶೇಡ್ ಇರುವಂತಿಲ್ಲ. ಗೃಹಪ್ರವೇಶದ ದಿನ ಬೋಳು ತಲೆ, ಎರಡನೇ ಮಳೆಗೆ ಟೆರೇಸ್ ಸೋರಿ ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ನೀಲಿ ಶೀಟಿನ ಟೊಪ್ಪಿ. ಕಣ್ಣೆದುರು ಅಷ್ಟು ಟೊಪ್ಪಿ ಕಂಡರೂ ನನಗೆ ಬುದ್ಧಿ ಬರಲಿಲ್ಲ. ಎಂಜಿನಿಯರ್ ಮೊಬೈಲಿನಲ್ಲಿ ಮನೆಯ ಎದುರುನೋಟದ ಒಂದು ಚಿತ್ರ ತೋರಿಸಿದ, ಅವನ ಬಾಯಲ್ಲಿ ಅದು 'ಎಲಿವೇಶನ್'. ಅದರಲ್ಲಿ ಆಕಾಶ ನೀಲಿಯಾಗಿತ್ತು, ಅಂಗಳದಲ್ಲಿ ಹುಲ್ಲುಹಾಸು ಇತ್ತು, ಮಳೆ ಇರಲಿಲ್ಲ. ನಾನು ಅಲ್ಲೇ ಬಿದ್ದೆ.

ಗೋಡೆ ಏಳುವಾಗ ಮೇಸ್ತ್ರಿ ಕರಣೆ ಕೆಳಗಿಟ್ಟು ಹೇಳಿದ: "ಹ್ವಾಯ್, ಎದ್ರ್ ಗ್ವಾಡಿ ಪೂರಾ ಬೋಳ್. ಸನ್‌ಶೇಡ್ ಬ್ಯಾಡ ಅಂದ್ರೆ ಬ್ಯಾಡ, ತಟ್ಟಿ ಕಟ್ಟುಕೆ ನಾಲ್ಕ್ ಕೊಂಡಿ ಆದ್ರೂ ಇಡುವ."

"ಎಲಿವೇಶನ್ ಹಾಳಾತ್ತ್ ಮಾರಾಯ. ಹೊಸ ಮನಿಗ್ ತಟ್ಟಿ ಕಟ್ರೆ ಜನ ನೆಗಾಡ್ತ್ರ್" ಎಂದೆ.

ಅವನಿಗೆ ಚಾ ತಂದಿದ್ದ ಹೆಂಡತಿ ಅಲ್ಲೇ ನಿಂತಿದ್ದಳು. "ಚಂದ ರಸ್ತಿ ಮೇಲ್ ಹೋಪರಿಗೆ. ಒಳ್ಗ್ ಮನಿಕಂಬುದ್ ನಾನ್" ಎಂದಳು. ಒಳಗೆ ಮಲಗುವವಳನ್ನೇ ನಾನು ಗದರಿ ಸುಮ್ಮನಾಗಿಸಿದೆ. ಹೊಸದು ಎದ್ದ ಮೇಲೆ ಪಕ್ಕದ ಹಳೆಯ ಮನೆ ಕೆಡವಿಸಿದೆ. ಹಿತ್ತಿಲ ಕಟ್ಟಿಗೆ ಕೊಟ್ಟಿಗೆ ಮಾತ್ರ ಉಳಿಯಿತು. ಬಚ್ಚಲೊಲೆಗೆ ಕಟ್ಟಿಗೆ ಬೇಕಲ್ಲ, ಜೊತೆಗೆ ಅದು ರಸ್ತೆಗೆ ಕಾಣುವುದಿಲ್ಲ.

ಮೊದಲನೇ ಮಳೆಗೇ ಎದುರು ಗೋಡೆಯ ಒಳಗಿನ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಮಲಗುವ ಕೋಣೆ ಎರಡೂ ಆ ಬದಿಗೇ. ಕಪಾಟು ಸರಿಸಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಹೊರಗೆ ಥಳುಕು, ಒಳಗೆ ಹುಳುಕು ಎಂದು ಸುಮ್ಮನೆ ಹೇಳಿದ್ದಾರೆಯೇ? ಎಂಜಿನಿಯರನ್ನು ಕರೆಸಿದೆ. "ಇದು ಸೋರಿಕೆ ಅಲ್ಲ ಸರ್, ಬರೀ ತೇವಾಂಶ" ಎಂದ. ತೇವಾಂಶವಂತೆ! ಗೋಡೆಗೆ ಕೈ ಇಟ್ಟರೆ ಅಂಗೈ ಒದ್ದೆ. ಯಾರದು ತಪ್ಪು ಎಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಕಲ್ಲು ಹಾಗಿರಬಹುದು, ಗಾರೆ ಹೀಗಿರಬಹುದು. ಬೇಸಿಗೆಯಲ್ಲಿ ನೀರು ತಡೆಯುವ ಬಣ್ಣ ಬಳಿಸಿದೆ. ಎರಡನೇ ಮಳೆಗೆ ಅದೂ ಸಿಪ್ಪೆ ಎದ್ದಿತು. ಹಸಿ ವಾಸನೆ ಅಡುಗೆಮನೆಯವರೆಗೂ ಬಂತು. ಹೆಂಡತಿ ಎರಡು ಮೆಟ್ಟಿಲು ಹತ್ತಿದರೆ ಎದೆ ಹಿಡಿದು ನಿಲ್ಲುತ್ತಿದ್ದಳು. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಎದೆಯೊಳಗಿನ ಸುಯ್ಯೆಂಬ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ನಾನು ಎಂಜಿನಿಯರನ್ನು ಬೈದೆ, ಬಣ್ಣದವನನ್ನು ಬೈದೆ, ಮಳೆಯನ್ನೂ ಬೈದೆ. ಬೈಯಬೇಕಾದವನನ್ನು ಮಾತ್ರ ಕನ್ನಡಿಯಲ್ಲಿ ನೋಡಿ ಗಡ್ಡ ಕೆರೆದುಕೊಂಡು ಹೋಗುತ್ತಿದ್ದೆ.

ಆಷಾಢದ ಒಂದು ಮಧ್ಯಾಹ್ನ ಕುಂದಾಪುರದ ನನ್ನ ಬಟ್ಟೆ ಅಂಗಡಿಯಿಂದ ಊಟಕ್ಕೆ ಬಂದರೆ ಕೋಣೆಯಲ್ಲಿ ಅವಳ ಮಂಚ ಇಲ್ಲ. ಹುಡುಕಿಕೊಂಡು ಹಿಂದೆ ಹೋದೆ. ಕಟ್ಟಿಗೆ ಕೊಟ್ಟಿಗೆಯಲ್ಲಿ ಪಕ್ಕದ ಮನೆಯ ಹುಡುಗರಿಂದ ರಾಶಿಯನ್ನು ಒಂದು ಬದಿಗೆ ಒಟ್ಟಿಸಿ, ಮಂಚ ಹಾಕಿಸಿಕೊಂಡು, ಕಾಲು ಚಾಚಿ ಕೂತಿದ್ದಳು.

ನನಗೆ ರೇಗಿಹೋಯಿತು. "ಎಂತ ಇದ್? ಇಷ್ಟ್ ದೊಡ್ಡ್ ಮನಿ ಕಟ್ಟಿ, ಕಟ್ಟಿಗಿ ಒಟ್ಟಿಗ್ ಮನಿಕಂತ್ಯಾ? ನೆಂಟ್ರ್ ಬಂದ್ರೆ ನಾ ಎಂತ ಹೇಳುದ್?"

ಅವಳು ಸಿಟ್ಟು ಮಾಡಲಿಲ್ಲ. ಪಡು ಬದಿಗೆ ಕೈ ತೋರಿಸಿದಳು. ಅಲ್ಲಿ ಮಡಲಿನ ತಟ್ಟಿ ಇತ್ತು. ಮೇ ತಿಂಗಳಲ್ಲಿ, ಕಟ್ಟಿಗೆ ನೆನೆಯಬಾರದೆಂದು, ಏಣಿ ಹತ್ತಿ ನಾನೇ ಕೈಯಾರೆ ಬಿಗಿದದ್ದು.

"ಕಾಣಿ, ಕಟ್ಟಿಗಿಗ್ ತಟ್ಟಿ ಇತ್ತ್. ನಂಗೇ ಇಲ್ದಿದ್ದದ್" ಎಂದಳು. ಒಂದೇ ಉಸಿರಿನಲ್ಲಿ ಹೇಳಿದಳು. ಎಷ್ಟೋ ದಿನಗಳ ನಂತರ ಅವಳ ಮಾತು ಅರ್ಧಕ್ಕೆ ನಿಂತಿರಲಿಲ್ಲ.

ನಾನು ಉಣ್ಣದೆಯೇ ಮೇಸ್ತ್ರಿಯ ಮನೆಗೆ ಹೋದೆ. ಮರುದಿನ ಜಡಿಮಳೆಯಲ್ಲೇ ಆ ಬೂದಿ ಬಣ್ಣದ ಗೋಡೆಗೆ ತೂತು ಕೊರೆಸಿ, ಕೊಂಡಿ ಹೊಡೆಸಿ, ಸಿಕ್ಕಿದ ಮಡಲನ್ನೆಲ್ಲ ಹೆಣೆದು ಕಟ್ಟಿದೆವು. ಗಾಜಿನ ಕಿಟಕಿ, ಹೆಸರಿನ ಫಲಕ, ಎಲಿವೇಶನ್ ಎಲ್ಲ ಮುಚ್ಚಿಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಸ್ಸಿನಲ್ಲಿ ಹೋಗುವವರು ಕತ್ತು ತಿರುಗಿಸಿ ನೋಡಿದರು, ನೋಡಲಿ. ಅದೇ ವಾರ ಎಂಜಿನಿಯರ್ ಫೋನ್ ಮಾಡಿದ. ಬೇರೆ ಗಿರಾಕಿಗೆ ತೋರಿಸಲು ಮನೆಯ ಎದುರಿನ ಫೋಟೋ ಬೇಕಂತೆ, "ಆ ತಟ್ಟಿಯನ್ನೊಂದು ಗಳಿಗೆ ತೆಗೆಸ್ತೀರಾ ಸರ್?" ನಾನು ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆದರೆ ಎರಡು ಮಳೆ ಕುಡಿದ ಕೆಂಪುಕಲ್ಲು ನನ್ನ ಅವಸರಕ್ಕೆ ಒಣಗುತ್ತದೆಯೇ? ದಿನಾ ಬೆಳಿಗ್ಗೆ ಗೋಡೆಗೆ ಅಂಗೈ ಒತ್ತಿ ನೋಡಿ, ಚಾ ಹಿಡಿದುಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದೆ.

"ಒಣಗ್ತಾ?" ಎಂದು ಕೇಳುತ್ತಿದ್ದಳು.

"ಇಲ್ಲೆ."

"ಹಂಗಾರೆ ಇಲ್ಲೇ ಅಡ್ಡಿಲ್ಲೆ" ಎಂದು ಲೋಟ ತೆಗೆದುಕೊಳ್ಳುತ್ತಿದ್ದಳು. ನನ್ನನ್ನು ಒಂದು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ವಾರ ಕಳೆದ ಮೇಲೆ ನಾನೂ ಒಂದು ಚಾಪೆ ತಂದು ಅವಳ ಮಂಚದ ಪಕ್ಕದಲ್ಲಿ, ಕಟ್ಟಿಗೆ ರಾಶಿಗೆ ತಾಗಿಸಿ ಹಾಸಿದೆ. ಊರಿಗೆಲ್ಲ ಕಾಣಲೆಂದು ಕಟ್ಟಿಸಿದ ಆ ಮನೆಯಲ್ಲಿ ಆ ಮಳೆಗಾಲ ಮುಗಿಯುವವರೆಗೆ ಯಾರೂ ಮಲಗಲಿಲ್ಲ.