ನಾಲ್ಕು ಬುಟ್ಟಿ ಕೆಮ್ಮಣ್ಣಿನ ಅರ್ಜಿ

ಕಮಲಾಪುರದ ಕೆಮ್ಮಣ್ಣಿನ ಗುಂಡಿಯನ್ನು ಬಿಳಿಯ ಸಾಹೇಬನಿಗೆ ತೋರಿಸಿದವಳು ನನ್ನ ಅಕ್ಕ. ಅವನ ತಲೆಯ ಮೇಲೆ ಟೋಪಿ ಇತ್ತು ಎಂದು ಬರೆಯಹೊರಟು ತಡೆದುಕೊಂಡೆ. ನಾನು ಅವನನ್ನು ನೋಡಿಯೇ ಇಲ್ಲ; ಆ ಟೋಪಿ ಆಮೇಲೆ ನಾನೇ ಇಟ್ಟದ್ದು. ಆ ದಿನ ನಾನು ಕಲಬುರಗಿಯಲ್ಲಿ, ಕಚೇರಿಯೆದುರಿನ ಬೇವಿನ ಮರದ ಕೆಳಗೆ ಕೂತು ಜನರಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದೆ.

ಅಕ್ಕ ಹೇಳಿದ್ದಿಷ್ಟು. ಸಾಹೇಬನ ಆಳುಗಳು ಊರ ಸುತ್ತ ಅಗೆದು ಸಣ್ಣ ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ತುಂಬಿದ್ದೆಲ್ಲ ಕೀಳು ಮಣ್ಣು. ಅಕ್ಕನಿಗೆ ತಡೆಯಲಾಗಲಿಲ್ಲ. ಊರ ಹೆಂಗಸರು ಗೋಡೆಗೆ ಬಳಿಯಲು ಅಗೆಯುವ ಗುಂಡಿಗೆ ಕರೆದೊಯ್ದು, “ಮಣ್ಣಂದ್ರ ಇದು ನೋಡ್ರಿ” ಎಂದಳು. ರೊಟ್ಟಿಯನ್ನೂ ಕೊಟ್ಟಳು.

ಸುಗ್ಗಿ ಮುಗಿಯುವುದರೊಳಗೆ ಗುಂಡಿಯ ಸುತ್ತ ಮುಳ್ಳುತಂತಿ ಬಂತು. ಆ ಮಣ್ಣಿನಲ್ಲಿ ಯಾವುದೋ ಲೋಹವಿದೆ, ಹೈದರಾಬಾದಿನ ಸರ್ಕಾರ ಅದನ್ನು ವಿಲಾಯತಿ ಕಂಪನಿಗೆ ಕೊಟ್ಟಿದೆ ಎಂದು ಕಾವಲುಗಾರ ಹೇಳಿದ. ಕಂಪನಿಯಿಂದ ಅಗೆಯಲು ಯಾರೂ ಬರಲಿಲ್ಲ. ಅಕ್ಕನ ಮಗಳ ಮದುವೆ ಹತ್ತಿರವಿತ್ತು. ಕೆಮ್ಮಣ್ಣು ಬಳಿಯದ ಗೋಡೆಯ ಮುಂದೆ ನಮ್ಮವರು ಹಂದರ ಹಾಕುವುದಿಲ್ಲ. ಬಾವಿಯ ಹತ್ತಿರ ಹೆಂಗಸರು, “ಸಾಹೇಬನ ತಂಗಿ ಬಂದ್ಲು, ದಾರಿ ಬಿಡ್ರೆವ್ವಾ” ಎನ್ನತೊಡಗಿದರು.

ಅಕ್ಕ ಕಲಬುರಗಿಗೆ ಬಂದಳು. “ಅರ್ಜಿ ಬರಿ ತಮ್ಮಾ. ಮದಿವಿಗಾರ ನಾಕ್ ಬುಟ್ಟಿ ಬಿಡ್ಲಿ. ಇಲ್ಲಂದ್ರ ಊರಾಗ ಹ್ಯಾಂಗ ಮಾರಿ ತೋರ್ಸ್ಲಿ?”

ಬರೆದೆ. ಏನಾದರೂ ಕೇಳುವ ಮುಂಚೆ ನಮ್ಮ ಒಳ್ಳೆಯತನ ಹೇಳಿಕೊಳ್ಳುವುದು ಅರ್ಜಿಯ ವಾಡಿಕೆ. ಅದಕ್ಕೆ, ಗುಂಡಿಯನ್ನು ನಾವೇ ಖುಷಿಯಿಂದ ತೋರಿಸಿದೆವು ಎಂದು ಸೇರಿಸಿದೆ. ಅಕ್ಕನೇ ಹಾಗೆ ಬರೆಸಿದಳೆಂದು ಬಹಳ ವರ್ಷ ನಂಬಿದ್ದೆ. ಅವಳು ಹೇಳಿರಲಾರಳು. ಮುಚ್ಚಿಡಲು ಒದ್ದಾಡುತ್ತಿದ್ದುದೇ ಆ ಮಾತನ್ನು.

ಉತ್ತರ ಬಂತು. ಊರವರು ಖುಷಿಯಿಂದ ತೋರಿಸಿದ್ದಾಗಿ ಅರ್ಜಿಯಲ್ಲೇ ಒಪ್ಪಿರುವುದರಿಂದ ತಕರಾರಿಗೆ ಎಡೆಯಿಲ್ಲ.

ಉತ್ತರ ಕೇಳಲು ಮತ್ತೆ ಬಂದ ಅಕ್ಕನನ್ನು ಮರದ ಕೆಳಗೆ ಕೂರಿಸಿ, ಕಾಗದ ಹಿಡಿದು ಒಳಗೆ ಹೋದೆ. ಅರ್ಜಿಗಳನ್ನು ಮೇಲಿನವರ ಮುಂದಿಡುವ ಪೇಶ್ಕಾರರು ಅದನ್ನು ನೋಡಲಿಲ್ಲ. “ಮುನಶೀಜಿ, ನಿಮ್ಮ ಅಕ್ಷರ ಭಾಳ ಚಂದ ಅವ” ಎಂದರು.

“ನಾಕ್ ಬುಟ್ಟಿ ಮಣ್ಣರೀ, ಸಾಹೇಬ್ರ.”

“ನಂದಾಗಿದ್ರ ನಾಕ್ ಬಂಡಿ ಒಯ್ರಿ ಅಂತಿದ್ದೆ. ನಮ್ಮ ಕೈಯಾಗಿಲ್ಲ. ಹೈದರಾಬಾದಿನವ್ರ ಕೈಯಾಗೂ ಇಲ್ಲ.”

“ಮತ್ತ ಯಾರ ಕೈಯಾಗ ಅದರೀ?”

“ಅದನ್ನ ನಮಗ್ಯಾರು ಹೇಳ್ತಾರ?”

ಹೊರಗೆ ಬಂದು ಅಕ್ಕನಿಗೆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ, ಆ ಒಂದು ಸಾಲು ಬಿಟ್ಟು.

“ನಾ ತೋರ್ಸಿದ್ದಕ್ಕ ಹಿಂಗಾತು, ಹೌದಿಲ್ಲೋ?” ಎಂದಳು.

ಅಲ್ಲ ಎಂದೆನೋ ಇಲ್ಲವೋ, ನೆನಪಿಲ್ಲ. ಅಲ್ಲ ಎಂದೆ ಅಂತ ಬರೆದರೆ ನನಗೆ ಹಿತ, ಅದಕ್ಕೇ ಅನುಮಾನ.

“ಇನ್ನೊಂದ್ ಬರಿ, ತಮ್ಮಾ.”

ಹೊಸ ಹಾಳೆ ತೆಗೆದೆ. ಯಾರ ಹುಜೂರಿಗೆ ಎಂದು ಬರೆಯುವ ಮೇಲಿನ ಜಾಗವನ್ನು ಖಾಲಿ ಬಿಟ್ಟು, ಅದರ ಕೆಳಗಿನಿಂದ ಶುರು ಮಾಡಿದೆ.