ಪೆಟ್ರೋಲಿನಲ್ಲಿ ತೊಳೆದ ಗಡಿಯಾರ

ಬೆಳಗಿನ ಆರು ಗಂಟೆ. ಹಳಿಯಾಳ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಅಂಗಡಿ ತೆರೆದಿದೆ. ಐವತ್ತೈದರ ಮಾನ್ವೆಲ್ ಸಿದ್ದಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಕಡ್ಡಿಯಷ್ಟು ತೆಳ್ಳಗಿನ ರಬ್ಬರ್ ಪಟ್ಟಿಯೊಂದನ್ನು ಚಿಮಟದಲ್ಲಿ ಎತ್ತುತ್ತಿದ್ದಾರೆ. ಫ್ಯಾನ್ ಹಾಕಿಲ್ಲ. ಪಟ್ಟಿ ಹಾರಿಹೋದರೆ ಇನ್ನೊಂದು ಸಿಗುವುದಿಲ್ಲ. ಮುಂದಿರುವುದು ಎಂಬತ್ತರ ದಶಕದ ಕ್ಯಾಲ್ಕ್ಯುಲೇಟರ್ ಕೈಗಡಿಯಾರ. ಅದರ ಒಡೆಯ, ದಾಂಡೇಲಿ ಅಂಬೇವಾಡಿಯ ಪುಂಡಲೀಕ, ಹತ್ತು ಗಂಟೆಗೆ ಬರಲಿದ್ದಾರೆ.

“ಮೂವತ್ತೇಳು ವರ್ಷದ ಹಿಂದ ಇದನ್ನ ಕೆಡಿಸಿದಾಂವ ನಾನಽ ರೀ. ಅವರಿಗೆ ಗೊತ್ತಿಲ್ಲ. ಇವತ್ತ ನಡೆಸಿ ತೋರಿಸಿ, ಹೇಳಿಬಿಡಾಂವ ಅದೀನಿ” ಎನ್ನುತ್ತಾರೆ ಮಾನ್ವೆಲ್.

ಎಪ್ಪತ್ತರ ದಶಕದ ನಡುವೆ ಹುಟ್ಟಿದ ಇಂಥ ಗಡಿಯಾರಗಳು ಮೊದಲು ಸಿರಿವಂತರ ಶೋಕಿ. ಕೆಂಪು ಅಂಕಿ, ಪೆನ್ನಿನ ತುದಿಯಿಂದ ಒತ್ತಬೇಕಾದ ಗುಂಡಿ. ಎಂಬತ್ತರ ದಶಕದಲ್ಲಿ ಕರಿ ಅಂಕಿ, ರಬ್ಬರ್ ಗುಂಡಿಯವು ಅಗ್ಗವಾಗಿ, ಗೋವೆಯ ದಾರಿಯಿಂದ ದಾಂಡೇಲಿಗೂ ಬಂದವು. ಕಟ್ಟಿಕೊಂಡವರು ಯಾರೂ ಕೇಳದಿದ್ದರೂ ಲೆಕ್ಕ ಮಾಡಿ ತೋರಿಸುತ್ತಿದ್ದರು. ಕಾಗದ ಕಾರ್ಖಾನೆಯಲ್ಲಿ ಬಿದಿರಿನ ಲಾರಿ ತೂಗುತ್ತಿದ್ದ ಪುಂಡಲೀಕರಿಗೆ ಮಾತ್ರ ಅದು ನಿಜಕ್ಕೂ ಕೆಲಸದ ವಸ್ತು.

ಆಗ ಮಾನ್ವೆಲ್ ಹದಿನೆಂಟರ ಹುಡುಗ. ಕಾಡಿನಂಚಿನ ಸಿದ್ದಿ ಬುಡಕಟ್ಟಿನವರ ಕೈಗೆ ಕೊಡಲಿ ಕೊಡುವವರಿದ್ದರು, ಚಿಮಟ ಕೊಡುವವರಿರಲಿಲ್ಲ. ಗಡಿಯಾರ ರಿಪೇರಿಯ ಉಸ್ತಾದರೊಬ್ಬರು ಕೊಟ್ಟರು. ಕೀಲಿ ಕೊಡುವ ಗಡಿಯಾರ ಬಿಚ್ಚಿದೊಡನೆ ಪೆಟ್ರೋಲಿನಲ್ಲಿ ತೊಳೆಯುವುದು ಆ ಕಸುಬಿನ ಮೊದಲ ಪಾಠ. ಪುಂಡಲೀಕರು ರಿಪೇರಿಗೆ ಕೊಟ್ಟ ಇದನ್ನೂ ಮಾನ್ವೆಲ್ ಉಸ್ತಾದರನ್ನು ಕೇಳದೆ ತೊಳೆದರು. ಅಂಕಿಗಳಿಗೆ ಕರೆಂಟು ದಾಟಿಸುವ ರಬ್ಬರ್ ಪಟ್ಟಿ ಉಬ್ಬಿ ಅಂಕಿಗಳು ಮಾಯವಾದವು, ಗುಂಡಿಗಳೂ ಸತ್ತವು. “ಫಾರಿನ್ ಮಾಲು, ಗ್ಯಾರಂಟಿ ಇಲ್ಲ” ಎಂದು ಉಸ್ತಾದರು ಪುಂಡಲೀಕರನ್ನು ಸಾಗಹಾಕಿದರು. ಮಾನ್ವೆಲ್ ಬಾಯಿ ಬಿಡಲಿಲ್ಲ. ಆ ನಾಚಿಕೆ ಇವತ್ತಿಗೂ ಅವರ ಮುಖದಲ್ಲಿ ಕಾಣುತ್ತದೆ.

ನಾಚಿಕೆಪಟ್ಟು ಸುಮ್ಮನೆ ಕೂರುವ ಆಸಾಮಿ ಅವರಲ್ಲ. ದಿನಕ್ಕೆ ಎಂಟು-ಹತ್ತು ಗಡಿಯಾರ ಬರುತ್ತವೆ, ಹೆಚ್ಚಿನವಕ್ಕೆ ಸೆಲ್ಲು, ಬೆಲ್ಟು ಸಾಕು. ಉಳಿದ ಹೊತ್ತಿನಲ್ಲಿ ಕೆಟ್ಟ ಕ್ಯಾಲ್ಕ್ಯುಲೇಟರ್ ಗಡಿಯಾರಗಳನ್ನು ಬಿಚ್ಚಿ ಬಿಚ್ಚಿ ತಾವೇ ಕಲಿತರು. ಇದುವರೆಗೆ ನಡೆಸಿದ್ದು ನೂರಾ ಹನ್ನೆರಡು. ಕಳೆದ ತಿಂಗಳು ಮುಂಡಗೋಡದ ಟಿಬೆಟನ್ ಕಾಲೊನಿಯ ವ್ಯಾಪಾರಿಯೊಬ್ಬರ ಹಳೆ ಡಬ್ಬಿಯಲ್ಲಿ ಇದೇ ಮಾದರಿ ಸಿಕ್ಕಿತು, ಅದರ ಪಟ್ಟಿ, ಗುಂಡಿಗಳ ರಬ್ಬರು ಇನ್ನೂ ಕೆಟ್ಟಿರಲಿಲ್ಲ. ಅಂದೇ ಅಂಬೇವಾಡಿಗೆ ಹೋಗಿ ಪುಂಡಲೀಕರಿಂದ ಗಡಿಯಾರ ಇಸಿದುಕೊಂಡು ಬಂದರು.

“ಮನಿಯಾಕಿ ಬೈತಾಳ್ರಿ, ಸತ್ತದ್ದನ್ನ ಯಾಕ ಎಬ್ಬಸ್ತಿ ಅಂತ. ನಾ ಬಿಡಾಂವಲ್ಲ.”

ಒಂಬತ್ತೂವರೆಗೆ ಸೆಲ್ಲು ಕೂರಿಸಿ ಎಂಟರ ಗುಂಡಿಯನ್ನು ಒತ್ತುತ್ತಾ ಹೋಗುತ್ತಾರೆ. ಎಂಟರಲ್ಲಿ ಎಲ್ಲ ಗೆರೆಗಳೂ ಮೂಡಬೇಕು. ಕೊನೆಯ ಅಂಕಿಯ ಒಂದು ಗೆರೆ ಬರಲೊಲ್ಲದು. ಮತ್ತೆ ಬಿಚ್ಚಿ, ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ ಮುಚ್ಚುತ್ತಾರೆ. ಸಾಲುಸಾಲು ಎಂಟು, ಒಂದೂ ಕುಂದಿಲ್ಲ!

ಎಂಬತ್ತೆರಡರ ಪುಂಡಲೀಕ ಕೋಲೂರಿಕೊಂಡು ಬರುತ್ತಾರೆ. ಮಾನ್ವೆಲ್ ಗಡಿಯಾರವನ್ನು ಅವರ ಮುಂಗೈಗೆ ಕಟ್ಟಿ, ಕೈ ಬಿಡದೆಯೇ ಹೇಳುತ್ತಾರೆ: “ಕಾಕಾ, ಮಾಲು ಖೊಟ್ಟಿ ಇರಲಿಲ್ರಿ. ನಾ ಪೆಟ್ರೋಲ್‌ನ್ಯಾಗ ಅದ್ದಿ ಕೆಡಿಸಿದ್ನಿ.”

“ಗೊತ್ತಿತ್ತೋ. ವಾರಗಟ್ಟಲೆ ಪೆಟ್ರೋಲ್ ವಾಸನಿ ಹೊಡೀತಿತ್ತು.”

“ಮತ್ತ ಉಸ್ತಾದರಿಗೆ ಯಾಕ ಹೇಳಲಿಲ್ರಿ?”

“ಹೇಳಿದ್ರ ಅವತ್ತಽ ನಿನ್ನ ಹೊರಗ ಹಾಕ್ತಿದ್ರು. ಆಮ್ಯಾಲೆ ಇದನ್ನ ಯಾರು ರಿಪೇರಿ ಮಾಡ್ತಿದ್ರು?”

ಮಾನ್ವೆಲ್ ಭೂತಗನ್ನಡಿ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಕಸುಬುದಾರನ ಗತ್ತಿನಲ್ಲೇ ಹೇಳುತ್ತಾರೆ: “ಸೆಲ್ಲು ಎರಡು ವರ್ಷ ಬರ್ತೈತಿ ಕಾಕಾ. ಮುಗಿದ್ರ ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ್ರಿ. ನನ್ನ ಹತ್ರನಽ ತರ್ರಿ.”